ಮೇಲಿನ ಮನೆಯ ಬೀಗದ ಕೈ

ಕಾರಿಗೆ ದಪ್ಪ ಹಾರವೇ ಆಗಬೇಕೆಂದು ಹಟ ಹಿಡಿದವಳು ನಾನು. ಆಯುಧಪೂಜೆಗೆಂದು ನನ್ನ ಗಂಡ ಮಹೇಶ ತಂದಿದ್ದು ಎರಡು ಮೊಳ ಸೇವಂತಿಗೆ. ವರ್ಷವೆಲ್ಲ ನಮ್ಮನ್ನು ಹೊತ್ತು ತಿರುಗುವ ಗಾಡಿಗೆ ಇಷ್ಟೇನಾ ಎಂದು ಮುಖ ಗಂಟಿಕ್ಕಿ, ನಾನೇ ಪುಟ್ಟೇನಹಳ್ಳಿ ಕಡೆಯ ಹೂವಿನಂಗಡಿಗೆ ಹೋಗಿ ಚೆಂಡುಹೂವಿನ ಹಾರ ತಂದೆ. ಅದನ್ನು ಬಾನೆಟ್ಟಿನ ಮೇಲೆ ಅಡ್ಡಲಾಗಿ ಎಳೆದು, ಎರಡು ತುದಿಗಳನ್ನೂ ಮುಂದಿನ ಕಿಟಕಿಗಳ ಒಳಗೆ ತೂರಿಸಿ ಬಾಗಿಲಿನ ಹಿಡಿಗಳಿಗೆ ಕಟ್ಟಿದೆ. ಹೂವು ನಲುಗಬಾರದೆಂದು ಎರಡೂ ಕಡೆ ಗಾಜನ್ನು ಒಂದು ಅಂಗೈ ತೂರುವಷ್ಟು ಇಳಿಸಿಯೇ ಬಿಟ್ಟೆ.

ಮಹೇಶ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಕಾರನ್ನು ಮತ್ತೆ ಕಾಂಪೌಂಡಿಗೆ ಒತ್ತಿ ರಸ್ತೆಯಲ್ಲಿ ನಿಲ್ಲಿಸಿ, ಕಾರಿನ ಕೀ ತಂದು ದೇವರ ಮುಂದಿನ ತಟ್ಟೆಯಲ್ಲಿಟ್ಟ. ನಮ್ಮ ಮನೆಯಲ್ಲಿ ಒಂದು ಪದ್ಧತಿ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯ ದಿನ ಮತ್ತೊಮ್ಮೆ ಮಂಗಳಾರತಿ ಆಗುವವರೆಗೆ ಯಾರೂ ಎತ್ತುವಂತಿಲ್ಲ. ಕಾರಿನ ಕೀ, ಮನೆಯ ಚಾಕು, ಈಳಿಗೆಮಣೆ, ಕತ್ತರಿ ಎಲ್ಲವೂ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕುಳಿತಿರುತ್ತವೆ. ಮಗಳು ಸಂಹಿತಾ ಅವಳ ಲ್ಯಾಪ್‌ಟಾಪನ್ನು ಮಧ್ಯಾಹ್ನವೇ ಮೆಲ್ಲಗೆ ಎಬ್ಬಿಸಿಕೊಂಡು ಹೋಗಿದ್ದಳು. ಅವಳಿಗೆ ಬೈದೆ. ಅತ್ತೆಯವರಿಂದ ಬಂದ ಪದ್ಧತಿ, ಅವರಿಗಿಂತ ನನಗೇ ಹೆಚ್ಚು ಕಟ್ಟುನಿಟ್ಟು. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು ನಾನು, ಯಾವುದು ಎಲ್ಲಿರಬೇಕೋ ಅಲ್ಲಿರದಿದ್ದರೆ ತಲೆ ಕೆಡುತ್ತದೆ.

ಊಟ ಜೋರಾಗಿತ್ತು, ನಿದ್ದೆಯೂ ಜೋರಾಯಿತು. ಸಂಜೆ ರಂಗೋಲಿಯ ಮೇಲೆ ದೀಪ ಇಡೋಣವೆಂದು ಹೊರಗೆ ಬಂದು ನೋಡಿದರೆ ಕಾರಿನ ಮುಂಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಡ್ಯಾಶ್‌ಬೋರ್ಡಿನ ಖಾನೆ ಬಾಯಿ ತೆರೆದಿತ್ತು. ಸೀಟಿನ ತುಂಬ ಕಾಗದ, ಟಿಶ್ಯೂ, ಸಂಹಿತಾಳ ಹಳೆಯ ಹೇರ್‌ಬ್ಯಾಂಡು. ಹಾರ ಮಾತ್ರ ಒಂದು ಎಸಳೂ ಉದುರದೆ ಹಾಗೇ ಇತ್ತು. ಬಂದವನು ಕಿಟಕಿಯ ಸಂದಿಯಲ್ಲಿ ಕೈ ಹಾಕಿ, ಹೂವಿನ ಪಕ್ಕದಲ್ಲೇ ತೂರಿಸಿ, ಒಳಗಿನಿಂದ ಬಾಗಿಲು ತೆಗೆದಿದ್ದ. ಹಾರಕ್ಕೆಂದು ನಾನು ಬಿಟ್ಟ ಜಾಗ ಅವನ ಕೈಗೆ ಅಳತೆ ತೆಗೆದು ಬಿಟ್ಟಂತಿತ್ತು.

“ಏನ್ ಹೋಗಿದೆ ನೋಡು,” ಎಂದ ಮಹೇಶ. ಅವನ ಕಪ್ಪು ಕನ್ನಡಕ ಹೋಗಿತ್ತು, ಪಾರ್ಕಿಂಗಿಗೆಂದು ಇಟ್ಟಿದ್ದ ಚಿಲ್ಲರೆ ಹೋಗಿತ್ತು. “ಇಷ್ಟೇನಾ? ಹೋಗ್ಲಿ ಬಿಡು, ಪಾಪ ಹಬ್ಬದ ಖರ್ಚಿಗೆ ಆಯ್ತು ಅವನಿಗೆ,” ಎಂದು ನಕ್ಕ. ಆಮೇಲೆ ಅವನ ನಗು ನಿಂತಿತು. ಖಾನೆಯೊಳಗೆ ಕೈ ಹಾಕಿ ತಡಕಾಡಿದ. ಸೀಟಿನ ಕೆಳಗೆ ಬಗ್ಗಿ ನೋಡಿದ. “ಮಂಗಳಾ, ಪೌಚ್ ಇಲ್ಲ,” ಎಂದ.

ನನ್ನ ಪೂರ್ತಿ ಹೆಸರು ಸರ್ವಮಂಗಳಾ. ಆ ಗಳಿಗೆಯಲ್ಲಿ ಮಂಗಳ ಅನ್ನುವಂಥದ್ದೇನೂ ನನ್ನಲ್ಲಿ ಉಳಿಯಲಿಲ್ಲ. ಆ ಕಂದು ಬಣ್ಣದ ಪೌಚಿನಲ್ಲಿ ನಮ್ಮ ಮನೆಯ ಡೂಪ್ಲಿಕೇಟ್ ಬೀಗದ ಕೈ ಇತ್ತು. ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟರೆ ಬಾಗಿಲು ಎಳೆದುಕೊಂಡ ದಿನ ಏನು ಉಪಯೋಗ ಅನ್ನುವುದು ಮಹೇಶನ ವಾದ. ಕೇಳುವಾಗ ಬುದ್ಧಿವಂತಿಕೆಯ ಮಾತಾಗಿಯೇ ಕೇಳಿಸಿತ್ತು. ಮನೆ ಯಾವುದೆಂದು ಕಳ್ಳ ಹುಡುಕಬೇಕಾಗಿಯೂ ಇರಲಿಲ್ಲ. ಕಾರು ನಮ್ಮ ಗೇಟಿಗೆ ಅಂಟಿಕೊಂಡೇ ನಿಂತಿತ್ತು, ಬಾಳೆಕಂದು ಕಟ್ಟಿಸಿಕೊಂಡು.

ಆ ಪೌಚಿನಲ್ಲಿ ಇನ್ನೊಂದು ಬೀಗದ ಕೈಯೂ ಇತ್ತು. ಮೇಲಿನ ಮನೆಯದು.

ಮೇಲೆ ಬಾಡಿಗೆಗಿರುವವರು ಹನಮಂತ ಮತ್ತು ಭಾಗ್ಯಜ್ಯೋತಿ, ಬಾಗಲಕೋಟೆ ಕಡೆಯವರು. ಮದುವೆಯಾಗಿ ಹೆಚ್ಚು ದಿನವಾಗಿಲ್ಲ. ಮೊದಲು ಬಿ.ಟಿ.ಎಂ.ನಲ್ಲಿ ಒಂದೇ ಕೋಣೆಯ ಮನೆಯಲ್ಲಿದ್ದು, ಅಲ್ಲಿಂದ ನಮ್ಮ ಜೆ.ಪಿ. ನಗರಕ್ಕೆ ಬಂದವರು. ಅವನಿಗೆ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ, ಅವಳಿಗೆ ಜಯನಗರದ ಕನ್ನಡಕದ ಅಂಗಡಿಯಲ್ಲಿ. ಬಂದ ಹೊಸದರಲ್ಲಿ ಒಂದು ದಿನ ಅವಳು ಒಲೆಯ ಮೇಲೆ ಹಾಲಿಟ್ಟು ಕಸ ಹಾಕಲು ಹೊರಗೆ ಬಂದಾಗ ಬಾಗಿಲು ಎಳೆದುಕೊಂಡಿತ್ತು. ಹಾಲು ಸೀದು, ಹೊಗೆ ಎದ್ದು, ಪಕ್ಕದ ಮನೆಯವರೆಲ್ಲ ಬಂದು ದೊಡ್ಡ ರಂಪವಾಯಿತು. ಅದರ ಮರುದಿನ ಅವಳೇ ಕೆಳಗೆ ಬಂದು ಇನ್ನೊಂದು ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, “ಇದು ನಿಮ್ಮ ಹಂತ್ಯಾಕನ ಇರ್ಲಿ ಅಕ್ಕಾರ, ನನಗ ಧೈರ್ಯ,” ಎಂದಿದ್ದಳು. ನಾನು ಅದನ್ನು ಮಹೇಶನಿಗೆ ಕೊಟ್ಟೆ. ಮಹೇಶ ಪೌಚಿಗೆ ಹಾಕಿದ.

ಬೀಗ ರಿಪೇರಿಯ ಚನ್ನವೀರನಿಗೆ ಫೋನು ಮಾಡಿದೆ. ಆತ ಬಹಳ ಸಮಾಧಾನದಿಂದ, “ಮೇಡಂ, ಟೂಲ್ಸಿಗೆಲ್ಲ ಪೂಜೆ ಮಾಡಿ ಇಟ್ಬಿಟ್ಟಿದೀನಿ. ನಾಳೆ ದಶಮಿ, ನಾಳೇನೂ ಮುಟ್ಟಲ್ಲ. ನಾಡಿದ್ದು ಬೆಳಿಗ್ಗೆ ಮೊದಲ ಕೆಲಸ ನಿಮ್ದೇ,” ಎಂದ. ಅರ್ಜೆಂಟು, ಮನೆಗೆ ಕಳ್ಳ ನುಗ್ಗುವ ಹಾಗಿದೆ ಎಂದೆಲ್ಲ ಹೇಳಿದೆ. “ಆಯುಧ ಎತ್ತಂಗಿಲ್ವಲ್ಲ ಮೇಡಂ, ನಿಮ್ಗೆ ಗೊತ್ತಿಲ್ದೇ ಇರೋದಾ,” ಎಂದ. ಏನೆಂದು ಜಗಳವಾಡಲಿ? ಚಾಕು ದೇವರ ಮುಂದಿದೆಯೆಂದು ಅಂದು ರಾತ್ರಿಯ ಸಾರಿಗೆ ಟೊಮೇಟೊವನ್ನು ಕೈಯಲ್ಲೇ ಹಿಸುಕಿದವಳು ನಾನು. ಇನ್ನಿಬ್ಬರಿಗೆ ಮಾಡಿದೆ. ಒಬ್ಬ ಫೋನೇ ಎತ್ತಲಿಲ್ಲ, ಇನ್ನೊಬ್ಬ ಊರಿಗೆ ಹೋಗಿದ್ದ.

ಎದುರು ಮನೆಯ ರಾಮಪ್ರಸಾದ ಅಂಕಲ್ ಅವರಲ್ಲಿ ಸಿಸಿಟಿವಿ ಕ್ಯಾಮೆರಾ ಇದೆ. ನಮ್ಮ ಗೇಟೂ ಅದರಲ್ಲಿ ಕಾಣುತ್ತದೆ. ಆಸೆಯಿಂದ ಓಡಿದೆವು. ಅವರು ಪಾಪ, ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ತೆರೆಯ ಮೇಲೆಲ್ಲ ಮಸುಕು ಮಸುಕು ಕೆಂಪು, ಅದರ ಮುಂದೆ ಹಳದಿಯದೇನೋ ತೂಗಾಡುತ್ತಿತ್ತು.

“ಅದೂ ಆಯುಧಾನೇ ತಾನೇ ಅಂತ ಬೆಳಿಗ್ಗೆ ಸ್ಟೂಲ್ ಹಾಕ್ಕೊಂಡು ಕುಂಕುಮ ಇಟ್ಟೆ ಕಣಮ್ಮ,” ಎಂದರು. “ಹೂವೂ ಏರಿಸಿದೀನಿ.”

ಇನ್ನೊಂದು ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಆ ಕೆಂಪು ಮಸುಕಿನಲ್ಲಿ ಒಂದು ಕಡೆ ಒಂದು ನೆರಳು ಕದಲಿತು. ಬಂದು, ನಿಂತು, ಬಗ್ಗಿತು. ನೆರಳಿಗೆ ಮುಖವಿರಲಿಲ್ಲ. ಅದನ್ನು ನೋಡದೇ ಇದ್ದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಠಾಣೆಗೂ ಹೋಗಿ ಬಂದೆವು. ಅವರು ಬರೆದುಕೊಂಡು, ಮೊದಲು ಬೀಗ ಬದಲಾಯಿಸಿ, ಒಳಗಿದ್ದಾಗ ಚಿಲಕ ಹಾಕಿಕೊಳ್ಳಿ ಎಂದರು. ಸಂಹಿತಾ ಮೊಬೈಲಿನಲ್ಲೇ ಒಂದು ದಪ್ಪ ಬೀಗ ತರಿಸಿದಳು. ಅದನ್ನು ನಮ್ಮ ಮುಂಬಾಗಿಲಿನ ಹೊರಗಿರುವ ಕಬ್ಬಿಣದ ಗ್ರಿಲ್ಲಿಗೆ ಹಾಕಿದೆವು. ಮೇಲಿನ ಮನೆಗೆ ಗ್ರಿಲ್ಲಿಲ್ಲ. ಬರೀ ಮರದ ಬಾಗಿಲು, ಅದರಲ್ಲೇ ಕೂರಿಸಿದ ಬೀಗ, ಒಳಗೊಂದು ಚಿಲಕ. ಇನ್ನೊಂದು ಬೀಗ ತಂದರೂ ಸಿಕ್ಕಿಸಲು ಅಲ್ಲಿ ಕೊಂಡಿಯಿಲ್ಲ.

“ಮೇಲೆ ಹೇಳಿದ್ಯಾ?” ಎಂದು ಮಹೇಶ ಕೇಳಿದ. “ಹೇಳ್ತೀನಿ,” ಎಂದೆ. “ನಾನೇ ಹೋಗಿ ಹೇಳ್ಲಾ?” ಎಂದ. “ಬೇಡ, ಅವಳು ನಂಗೆ ಕೊಟ್ಟಿದ್ದು. ನಾನೇ ಹೇಳ್ತೀನಿ,” ಎಂದೆ.

ಹೇಳಬೇಕಾದ ಮಾತು ಏನು ದೊಡ್ಡದು? ನಿಮ್ಮ ಬೀಗದ ಕೈ ಕಳೆದುಹೋಗಿದೆ, ಒಳಗಿನಿಂದ ಚಿಲಕ ಹಾಕಿಕೊಳ್ಳಿ. ಇಷ್ಟೇ. ಆದರೆ ಮೆಟ್ಟಿಲ ಬುಡದವರೆಗೆ ಹೋಗಿ ನಿಂತೆ. ಮೇಲೆ ಟಿವಿಯ ಸದ್ದು, ಅವಳ ನಗು ಕೇಳಿಸುತ್ತಿತ್ತು. ಹನಮಂತನಿಗೆ ಅಂದು ರಜೆ. ಅವನು ಮನೆಯಲ್ಲೇ ಇದ್ದಾನಲ್ಲ, ಇಬ್ಬರೂ ಒಳಗಿದ್ದರೆ ಚಿಲಕ ಹಾಕಿಕೊಂಡೇ ಇರುತ್ತಾರಲ್ಲ, ಹಬ್ಬದ ದಿನ ಯಾಕೆ ಹೆದರಿಸಲಿ, ನಾಳೆ ಹೇಳಿದರಾಯಿತು ಎಂದು ವಾಪಸು ಬಂದೆ. ಬಂದವಳು ನಮ್ಮ ಬಾಗಿಲಿಗೆ ಚಿಲಕ ಹಾಕಿ, ಅದರ ಹಿಂದೆ ಸ್ಟೀಲ್ ಕೊಡ ಇಟ್ಟು, ಕೊಡದ ಮೇಲೆ ತಟ್ಟೆಗಳನ್ನು ಪೇರಿಸಿದೆ. ಯಾರಾದರೂ ತಳ್ಳಿದರೆ ಸದ್ದಾಗಲಿ ಎಂದು.

ರಾತ್ರಿಯೆಲ್ಲ ನಾನು ಆ ತಟ್ಟೆಗಳು ಬೀಳುವುದನ್ನೇ ಕಾಯುತ್ತಿದ್ದೆ. ಅವು ಬೀಳಲಿಲ್ಲ, ನಿದ್ದೆಯೂ ಬರಲಿಲ್ಲ.

ಬೆಳಿಗ್ಗೆ ಮಂಗಳಾರತಿ ಮುಗಿದ ಮೇಲೆ ಕಾರಿನ ಹಾರ ತೆಗೆಯಲು ಹೋದೆ. ಡ್ರೈವರ್ ಸೀಟು ಹಿಂದಕ್ಕೆ ಸರಿದಿತ್ತು. ಮಹೇಶ ಕುಳ್ಳ, ಸ್ಟಿಯರಿಂಗಿಗೆ ಅಂಟಿಕೊಂಡೇ ಓಡಿಸುವವನು. ಅಂದರೆ ಕಳ್ಳ ಸುಮ್ಮನೆ ಕೈ ಹಾಕಿ ಕಸಿದುಕೊಂಡು ಓಡಿಲ್ಲ. ಒಳಗೆ ಕುಳಿತಿದ್ದಾನೆ. ಕಾಲು ಹಿಡಿಸುತ್ತಿಲ್ಲವೆಂದು ಸೀಟು ಸರಿಸಿಕೊಂಡು, ಆರಾಮವಾಗಿ ಕುಳಿತು, ಒಂದೊಂದೇ ತೆಗೆದು ನೋಡಿದ್ದಾನೆ. ನಾವು ಹೋಳಿಗೆ ತಿಂದು ಗೊರಕೆ ಹೊಡೆಯುತ್ತಿದ್ದಾಗ ಅವನು ಇಲ್ಲಿ ಕುಳಿತು ನಮ್ಮ ಮನೆಯ ಬಾಗಿಲನ್ನು ನೋಡಿದ್ದಾನೆ. ಮೇಲಿನ ಬಾಗಿಲನ್ನೂ ನೋಡಿದ್ದಾನೆ, ಅದೂ ಅಲ್ಲಿಂದ ಕಾಣುತ್ತದೆ. ನಾನು ಒದ್ದೆ ಬಟ್ಟೆ ತಂದು ಸೀಟನ್ನು ಒರೆಸಿದೆ. ಡೆಟಾಲು ಹಾಕಿ ಮತ್ತೆ ಒರೆಸಿದೆ. ತಲೆ ಆನಿಸುವ ಕಡೆ ಯಾವುದೋ ಎಣ್ಣೆಯ ವಾಸನೆ ಇದೆ ಅನ್ನಿಸಿತು. ಸಂಹಿತಾ ಬಂದು ಮೂಸಿ, “ಏನೂ ಇಲ್ಲಮ್ಮ, ನಿಂಗೆ ಭ್ರಮೆ,” ಎಂದಳು. ನನಗೆ ವಾಸನೆ ಬರುತ್ತಲೇ ಇತ್ತು.

ಆಮೇಲೆ ಗಟ್ಟಿ ಮನಸ್ಸು ಮಾಡಿ, ಸಿಹಿ ಪೊಂಗಲ್ ಒಂದು ಡಬ್ಬಿಗೆ ಹಾಕಿಕೊಂಡು ಮೇಲೆ ಹೋದೆ. ಬಾಗಿಲು ತೆಗೆದವನು ಹನಮಂತ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಇಸ್ತ್ರಿಪೆಟ್ಟಿಗೆ.

“ಬರ್ರಿ ಅಕ್ಕಾರ. ನಿಮ್ಮ ಕಾರಿಂದು ಕೇಳಿ ಭಾಳ ಕೆಟ್ಟ ಅನಿಸ್ತ್ರಿ. ಏನೇನು ಹೋತು?”

ಈಗ ಹೇಳಬೇಕಿತ್ತು. ಬಾಯಿಗೆ ಬಂದಿದ್ದೇ ಬೇರೆ.

“ನಿನ್ನೆ ಮಧ್ಯಾಹ್ನ ನೀವು ಎಲ್ಲಿದ್ರಿ ಹನಮಂತ?”

ಯಾಕೆ ಹಾಗೆ ಕೇಳಿದೆನೋ! ಸದ್ದೇನಾದರೂ ಕೇಳಿಸಿತ್ತೇ ಅನ್ನುವುದಷ್ಟೇ ನನ್ನ ಮನಸ್ಸಿನಲ್ಲಿ ಇದ್ದದ್ದು ಎಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದಿನ ತಿಂಗಳು ಬ್ಯಾಟರಿ ಇಳಿದಾಗ ಕಾರು ಸ್ಟಾರ್ಟ್ ಮಾಡಿಕೊಟ್ಟವನು ಅವನೇ. ಆಗ ಖಾನೆಯಲ್ಲಿದ್ದ ಪೌಚನ್ನು ನೋಡಿರಬಹುದು. ರಾತ್ರಿ ನಿದ್ದೆಯಿಲ್ಲದವಳ ತಲೆಯಲ್ಲಿ ಇಂಥದ್ದೆಲ್ಲ ಓಡಾಡಿ ಹೋಗಿತ್ತು. ಹಗಲಿನ ಬೆಳಕಿನಲ್ಲಿ ಅವನ ಮುಖ ನೋಡುತ್ತ ನಿಂತಾಗ ನಾಚಿಕೆಯಾಯಿತು, ಆದರೆ ಮಾತು ಆಡಿ ಆಗಿತ್ತು.

ಅವನು ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟ. “ಮನ್ಯಾಗನ ಇದ್ವಿರಿ. ಮಲಗಿದ್ವಿ. ಯಾಕ್ರಿ?” ಎಂದ. ಧ್ವನಿ ಮೊದಲಿನಷ್ಟೇ ಮೆತ್ತಗಿತ್ತು, ಕಣ್ಣು ಮಾತ್ರ ನನ್ನಿಂದ ಡಬ್ಬಿಯ ಕಡೆಗೆ ಹೋಯಿತು.

“ಏನಿಲ್ಲ, ಸದ್ದು ಗಿದ್ದು ಕೇಳಿಸ್ತೇನೋ ಅಂತ. ತಗೊಳ್ಳಿ, ಪೊಂಗಲ್ಲು.”

ಒಳಗಿನಿಂದ ಭಾಗ್ಯಜ್ಯೋತಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. “ಸಂಜಿಕಿ ಬನ್ನಿ ಕೊಡಾಕ ಬರ್ತೀನ್ರಿ ಅಕ್ಕಾರ. ಇವ್ರಿಗೆ ಇವತ್ತ ನೈಟ್ ಐತಿ, ಲಗೂನ ಹೋಗ್ತಾರ,” ಎಂದಳು.

ನೈಟ್. ಅವನಿಗೆ ರಾತ್ರಿ ಪಾಳಿ ಇದ್ದ ದಿನ ಅವಳು ಚಿಲಕ ಹಾಕುವುದಿಲ್ಲ. ಬೆಳಗಿನ ಜಾವ ಅವನು ಬಂದು ತನ್ನ ಬೀಗದ ಕೈಯಿಂದ ತೆರೆದುಕೊಂಡು ಒಳಗೆ ಹೋಗುತ್ತಾನೆ. ಅವಳನ್ನು ಎಬ್ಬಿಸಬಾರದು ಅನ್ನುವುದು ಅವನ ಹಟ. ಅವಳೇ ನನಗೆ ಇದನ್ನು ಒಮ್ಮೆ ನಾಚಿಕೊಂಡು ಹೇಳಿದ್ದಳು. ಅಂದರೆ ಈ ರಾತ್ರಿ ಆ ಹುಡುಗಿ ಒಬ್ಬಳೇ, ಆ ಬಾಗಿಲಿಗೆ ಇರುವುದು ಆ ಒಂದು ಬೀಗ. ಅದರ ಕೈ ಇರುವುದು ಮುಖವಿಲ್ಲದ ಆ ನೆರಳಿನ ಹತ್ತಿರ.

ಹೇಳು, ಹೇಳು ಎಂದುಕೊಂಡೇ ಕೆಳಗಿಳಿದೆ. ಅವಳ ಗಂಡನ ಮೇಲೆ ಅನುಮಾನಪಟ್ಟವಳು, ಅದೇ ಉಸಿರಿನಲ್ಲಿ ನಿಮ್ಮ ಬೀಗದ ಕೈಯನ್ನು ನಾನೇ ಕಳೆದೆ ಎನ್ನಲಿ ಹೇಗೆ? ನೀವು ಅದನ್ನು ಕಾರಿನಲ್ಲಿ ಯಾಕೆ ಇಟ್ಟಿರಿ ಎಂದು ಅವನು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ನಿನ್ನೆಯೇ ಯಾಕೆ ಹೇಳಲಿಲ್ಲ ಎಂದರೆ ಅದಕ್ಕೂ ಇಲ್ಲ. ಮನೆಯ ಓನರ್ ಎಂಬ ನನ್ನ ಗತ್ತೂ ಅಡ್ಡ ಬಂದಿತ್ತು. ಸಂಜೆ ಅವಳು ಬನ್ನಿ ಕೊಡಲು ಬರುತ್ತಾಳಲ್ಲ, ಆಗ ಒಬ್ಬಳೇ ಇರುತ್ತಾಳೆ, ಹೆಂಗಸರು ಹೆಂಗಸರೇ ಮಾತಾಡಿಕೊಂಡರೆ ಸುಲಭ, ಆಗ ಹೇಳುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಮನಸ್ಸು ಒಪ್ಪಲಿಲ್ಲ. ಮಧ್ಯಾಹ್ನ ಊಟ ಸೇರಲಿಲ್ಲ.

ಸಂಜೆ ಬನಶಂಕರಿಯಲ್ಲಿರುವ ನಾದಿನಿ ವಿಮಲಾಳ ಮನೆಗೆ ಗೊಂಬೆ ಆರತಿಗೆ ಹೋಗಬೇಕಿತ್ತು. ಮನೆ ಬಿಟ್ಟು ನಾನು ಬರುವುದಿಲ್ಲ ಎಂದೆ.

“ಗ್ರಿಲ್ಲಿಗೆ ಬೀಗ ಇದೆಯಲ್ಲಮ್ಮ, ಬಾ,” ಎಂದಳು ಸಂಹಿತಾ.

“ಅವನು ಗ್ರಿಲ್ ಕೊಯ್ದುಕೊಂಡು ಬಂದ್ರೆ?”

“ಅಷ್ಟು ಕಷ್ಟಪಡೋ ಕಳ್ಳ ಆಗಿದ್ರೆ ನಿನ್ನ ಹಾರ ಕಿತ್ತು ಹಾಕಿರ್ತಿದ್ದ,” ಎಂದು ನಗಿಸಲು ನೋಡಿದಳು. ಹೊರಡುವಾಗ ಮಹೇಶ ಚಪ್ಪಲಿ ಹಾಕಿಕೊಳ್ಳುತ್ತ, “ಅವರಿಗೆ ಹೇಳಿದ್ಯಾ?” ಎಂದು ಮತ್ತೆ ಕೇಳಿದ.

“ಹೇಳಿದೆ,” ಎಂದೆ.

ಇದು ಎಲ್ಲಿಂದ ಬಂತೋ ನನಗೇ ಗೊತ್ತಾಗಲಿಲ್ಲ. ಅವರು ಆಟೋ ಹತ್ತಿ ಹೋದರು. ಆ ಕಾರಿನಲ್ಲಿ ಕೂರಲು ಸಂಹಿತಾಳಿಗೂ ಮನಸ್ಸಿರಲಿಲ್ಲ, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ನಾನು ಗ್ರಿಲ್ಲಿಗೆ ಒಳಗಿನಿಂದ ಬೀಗ ಹಾಕಿ, ಬಾಗಿಲಿಗೆ ಚಿಲಕ ಹಾಕಿ, ಸೋಫಾವನ್ನು ಎಳೆದು ತಂದು ಬಾಗಿಲಿಗೆ ಒತ್ತಿ ನಿಲ್ಲಿಸಿದೆ. ಸೊಂಟ ಹಿಡಿದುಕೊಂಡಿತು.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ಪರದೆಯ ಸಂದಿಯಿಂದ ನೋಡಿದೆ. ಹನಮಂತ ಊಟದ ಡಬ್ಬಿಯ ಚೀಲ ಹಿಡಿದು ಇಳಿದ. ಹೆಲ್ಮೆಟ್ ಹಾಕಿಕೊಂಡ. ಗೇಟಿನ ಹತ್ತಿರ ಒಮ್ಮೆ ತಿರುಗಿ ಮೇಲಕ್ಕೆ ನೋಡಿ ಕೈಯೆತ್ತಿದ, ಅವಳು ಬಾಲ್ಕನಿಯಲ್ಲಿ ನಿಂತಿದ್ದಳೇನೋ. ಕಿಟಕಿಯಿಂದ ಒಂದು ಮಾತು ಕೂಗಿದ್ದರೆ ಸಾಕಿತ್ತು. ಹನಮಂತ, ಒಂದು ನಿಮಿಷ! ನಾಲಿಗೆಯ ಮೇಲೆ ಆ ಮಾತು ಬಂದೂ ಇತ್ತು. ಅವನ ಬೈಕು ತಿರುವು ದಾಟಿ, ಸದ್ದು ಅಡಗುವವರೆಗೂ ನಾನು ಪರದೆ ಹಿಡಿದುಕೊಂಡು ನಿಂತೇ ಇದ್ದೆ.

ದೀಪ ಹಚ್ಚುವ ಹೊತ್ತಾಯಿತು. ದೇವರ ಮನೆಯ ದೀಪ ಬಿಟ್ಟು ಬೇರೆ ದೀಪ ಹಾಕಲಿಲ್ಲ. ಒಳಗೆ ಯಾರಿದ್ದಾರೆ, ಎಷ್ಟು ಜನ ಇದ್ದಾರೆ ಎಂದು ಹೊರಗಿನವರಿಗೆ ಗೊತ್ತಾಗಬಾರದು ಎಂದು ನನ್ನ ಲೆಕ್ಕ. ರಸ್ತೆಯಲ್ಲಿ ಸ್ಕೂಟರ್ ನಿಧಾನವಾದರೆ ಪರದೆಯ ಸಂದಿಯಿಂದ ಇಣುಕುತ್ತಿದ್ದೆ. ತೆಂಗಿನ ಗರಿ ಕಾಂಪೌಂಡಿಗೆ ಸವರಿದರೆ ಅಡುಗೆಮನೆಗೆ ಓಡಿ ಹಿಂಬಾಗಿಲು ನೋಡಿ ಬರುತ್ತಿದ್ದೆ. ಮದುವೆಯಾಗಿ ಬಂದಾಗಿನಿಂದ ಇರುವ ಮನೆ. ಕತ್ತಲಲ್ಲಿ ಕೈ ಚಾಚಿದರೆ ಸ್ವಿಚ್ಚು ಸಿಗುವ ಮನೆ. ಅದರಲ್ಲಿ ನಾನು ಬೇರೆಯವರ ಮನೆಗೆ ನುಗ್ಗಿದವಳ ಹಾಗೆ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದೆ. ಅಳು ಬಂತು. ಒಂದು ಕಪ್ಪು ಕನ್ನಡಕಕ್ಕೆ, ಒಂದು ಹಿಡಿ ಚಿಲ್ಲರೆಗೆ ಬಂದವನು ನನ್ನ ಮನೆಯನ್ನೇ ಎತ್ತಿಕೊಂಡು ಹೋಗಿದ್ದ.

ಕರೆಗಂಟೆಯ ಸದ್ದಾಯಿತು.

ನಾನು ಅಲುಗಾಡಲಿಲ್ಲ. ಮತ್ತೆ ಸದ್ದಾಯಿತು. ಗ್ರಿಲ್ಲಿನ ಬೀಗ ಯಾರೋ ಮುಟ್ಟಿದಂತೆ ಕಟಕಟ ಎಂದಿತು. ಮಹೇಶನಾದರೆ ಫೋನು ಮಾಡಿ ಬರುತ್ತಾನೆ. ಅಡುಗೆಮನೆಯಿಂದ ತಂದಿಟ್ಟುಕೊಂಡಿದ್ದ ಕಬ್ಬಿಣದ ಸೌಟನ್ನು ಹಿಡಿದು ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತೆ. ಉಸಿರಾಡಿದರೂ ಹೊರಗೆ ಕೇಳಿಸೀತು ಅನ್ನಿಸಿತು. ಕಾಲಿನ ಸದ್ದು ಬಾಗಿಲಿನಿಂದ ಕಿಟಕಿಗೆ ಬಂತು. ಸೆಖೆಯೆಂದು ಕಿಟಕಿಯ ಒಂದು ಬಾಗಿಲನ್ನು ತೆರೆದೇ ಇಟ್ಟಿದ್ದೆ ಎಂಬುದು ಆಗ ನೆನಪಾಯಿತು.

ಕಂಬಿಗಳ ನಡುವೆ ಒಂದು ಕೈ ಒಳಗೆ ಬಂತು. ಮೆಲ್ಲಗೆ ಪರದೆಯನ್ನು ಪಕ್ಕಕ್ಕೆ ಸರಿಸಿತು.

ಕಿರುಚಿದೆನೋ ಇಲ್ಲವೋ ಗೊತ್ತಿಲ್ಲ. ಸೌಟು ಕೈ ಜಾರಿತು. ಕಂಬಿಯೊಳಗಿನಿಂದ ಕಿಟಕಿಯ ಬಾಗಿಲಿನ ಹಿಡಿಯನ್ನು ಹಿಡಿದು ಶಕ್ತಿಯಿದ್ದಷ್ಟೂ ಎಳೆದೆ. ಅದು ಆ ಕೈಗೆ ಬಡಿಯಿತು.

“ಅಯ್ಯವ್ವಾ! ಅಕ್ಕಾರ, ನಾನ್ರಿ! ನಾನು, ಭಾಗ್ಯ!”

ಹಿಡಿ ಬಿಟ್ಟೆ. ಹಸಿರು ಬಳೆಗಳ ಕೈ. ಬೆರಳುಗಳ ನಡುವೆ ಬನ್ನಿ ಸೊಪ್ಪಿತ್ತು, ಅರ್ಧ ನೆಲಕ್ಕೆ ಉದುರಿತ್ತು. ದೀಪ ಹಾಕಿದೆ. ಅವಳು ಇಳಕಲ್ ಸೀರೆಯುಟ್ಟು, ತಲೆ ತುಂಬ ಹೂ ಮುಡಿದು, ಮೊಣಕೈ ಕೆಳಗೆ ಉಜ್ಜಿಕೊಳ್ಳುತ್ತ ನಿಂತಿದ್ದಳು.

“ಪೆಟ್ಟಾಯ್ತಾ? ಅಯ್ಯೋ ದೇವರೇ, ಪೆಟ್ಟಾಯ್ತೇನೇ?”

“ಏನೂ ಆಗಿಲ್ರಿ, ಬಿಡ್ರಿ. ನಂದ ತಪ್ಪು. ಗಂಟಿ ಬಾರಿಸಿದೆ, ನೀವು ತೆಗೀಲಿಲ್ಲ. ಆರಾಮ ಅದೀರೋ ಇಲ್ಲೋ ನೋಡೂಣಂತ ಪರದೆ ಸರಿಸಿದೆ.” ಅವಳು ನಕ್ಕಳು. ಉಳಿದ ಬನ್ನಿಯನ್ನು ಮತ್ತೆ ಕಂಬಿಯೊಳಗಿಂದ ಚಾಚಿದಳು. “ತಗೋರಿ ಅಕ್ಕಾರ. ಬಂಗಾರ ತಗೊಂಡು ಬಂಗಾರದಂಗ ಇರೂಣು.”

ನಾನು ಕೈ ಚಾಚಲಿಲ್ಲ. ಅವಳ ಹೆಗಲಿನಲ್ಲಿ ಒಂದು ಚೀಲವಿತ್ತು. ಅದರೊಳಗಿನಿಂದ ಹೊದಿಕೆಯ ತುದಿ ಇಣುಕುತ್ತಿತ್ತು.

“ಇದೇನು?”

“ಮಹೇಶಣ್ಣಾರು, ಸಂಹಿತಾ ಆಟೋ ಹತ್ತಿದ್ದು ನೋಡಿದೆ. ನೀವು ನಿನ್ನಿಯಿಂದ ಭಾಳ ಅಂಜೀರಿ, ನಿಮ್ಮ ಮಾರಿನ ಸಣ್ಣದಾಗೇತಿ, ಹೋಗಿ ಜೋಡಿ ಕುಂದ್ರು ಅಂತ ಇವ್ರು ಹೇಳಿ ಹೋದ್ರು. ಅವ್ರೆಲ್ಲಾ ಬರೂದು ತಡ ಆದ್ರ ಇಲ್ಲೇ ಅಡ್ಡಾಗೂಣಂತ ಹೊದ್ಕಿನೂ ತಂದೆ.”

ಇವ್ರು ಹೇಳಿ ಹೋದ್ರು. ನಿನ್ನೆ ಮಧ್ಯಾಹ್ನ ಎಲ್ಲಿದ್ರಿ ಎಂದು ಬೆಳಿಗ್ಗೆ ನಾನು ಯಾರನ್ನು ಕೇಳಿದ್ದೆನೋ ಆ ಹನಮಂತ.

“ಮೇಲೆ ಮನೆ ಬಿಟ್ಟು ಬಂದ್ಯಲ್ಲ, ನಿಂಗೆ ಭಯ ಇಲ್ವಾ?” ಎಂದೆ.

“ಕೀಲಿ ಹಾಕೀನ್ರಿ. ಇನ್ನೊಂದು ಚಾವಿ ನಿಮ್ಮ ಹಂತ್ಯಾಕ ಐತಿ. ನನಗೇನ ಅಂಜಿಕಿ ಅಕ್ಕಾರ?”

ಅವಳು ಹಾಗೆಂದು ಮತ್ತೆ ನಕ್ಕಾಗ ಇನ್ನು ತಡೆಯಲಾಗಲಿಲ್ಲ.

“ಇಲ್ಲ ಭಾಗ್ಯ. ನನ್ನ ಹತ್ರ ಇಲ್ಲ. ಕಾರಲ್ಲಿತ್ತು. ಅದನ್ನೂ ತಗೊಂಡು ಹೋಗಿದಾನೆ.”

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಮೆಟ್ಟಿಲ ಕಡೆಗೆ ತಿರುಗಿ ನೋಡಿದಳು. ಮೇಲೆ ಅವರ ಬಾಗಿಲ ಮುಂದಿನ ಸಣ್ಣ ದೀಪ ಉರಿಯುತ್ತಿತ್ತು. ಮತ್ತೆ ನನ್ನ ಕಡೆ ತಿರುಗಿದಳು. ಕಿಟಕಿಯಿಂದ ಗ್ರಿಲ್ಲಿನ ಹೊಸ ಬೀಗ ಕಾಣುತ್ತಿತ್ತು, ಒಳಗೆ ಬಾಗಿಲಿಗೆ ಅಡ್ಡವಾಗಿದ್ದ ಸೋಫಾವೂ ಕಾಣುತ್ತಿತ್ತು. ಅವಳು ಎರಡನ್ನೂ ನೋಡಿದಳು.

“ನಿನ್ನಿ ಸಂಜಿಕೇನ ಗೊತ್ತಿತ್ತೇನ್ರಿ?”

“ಹೂಂ.”

“ಮುಂಜಾನಿ ಪೊಂಗಲ್ ತಂದಾಗನೂ?”

“ಹೂಂ.”

“ಇವ್ರು ಈಗ ಹೋಗೂ ಮುಂದ?”

ನೆಲಕ್ಕೆ ಉದುರಿದ್ದ ಬನ್ನಿಯನ್ನು ನೋಡುತ್ತ ತಲೆಯಾಡಿಸಿದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಬಾಯಿಗೆ ಬಂದಂತೆ ಬೈದಿದ್ದರೆ ನಾನೂ ಏನಾದರೊಂದು ಹೇಳುತ್ತಿದ್ದೆ. ಅವಳು ಹೆಗಲಿನ ಚೀಲವನ್ನು ಸರಿಮಾಡಿಕೊಂಡಳು. ಕಂಬಿಯೊಳಗಿದ್ದ ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿ, ನನ್ನ ಮುಷ್ಟಿ ಬಿಡಿಸಿ, ಬನ್ನಿ ಸೊಪ್ಪನ್ನು ಅದರಲ್ಲಿಟ್ಟಳು.

“ಹಬ್ಬ ಐತ್ರಿ. ತಂದದ್ದು ತಿರುಗಿ ಒಯ್ಯಬಾರ್ದು,” ಎಂದಳು. ತಿರುಗಿ ಹೊರಟಳು.

“ಭಾಗ್ಯ, ನಿಲ್ಲು! ಇಲ್ಲೇ ಇರು, ಬಾಗಿಲು ತೆಗೀತೀನಿ. ಒಬ್ಳೇ ಹೋಗ್ಬೇಡ!”

ಸೋಫಾ ಎಳೆದೆ. ಸಂಜೆ ಸೊಂಟ ಹಿಡಿದರೂ ಬಂದಿದ್ದ ಸೋಫಾ ಈಗ ಚಾಪೆಗೆ ಸಿಕ್ಕಿಕೊಂಡು ಬರಲೊಲ್ಲದು. ಹೇಗೋ ಸರಿಸಿ, ಚಿಲಕ ತೆಗೆದು, ಗ್ರಿಲ್ಲಿನ ಬೀಗಕ್ಕೆ ಕೀ ತೂರಿಸಲು ಹೋದರೆ ತೂತೇ ಸಿಗಲಿಲ್ಲ. ಬೀಗ ಬಿಚ್ಚಿ ಹೊರಗೆ ಬರುವ ಹೊತ್ತಿಗೆ ಅವಳು ಮೇಲೆ ತಲುಪಿದ್ದಳು. ಬಾಗಿಲು ಮುಚ್ಚಿದ ಸದ್ದಾಯಿತು. ಅದರ ಹಿಂದೆಯೇ ಚಿಲಕ ಬಿದ್ದ ಸದ್ದು, ಗಟ್ಟಿಯಾಗಿ. ಆ ಚಿಲಕದ ಸದ್ದನ್ನು ಕೇಳಬೇಕೆಂದೇ ನಾನು ನಿನ್ನೆ ಸಂಜೆಯಿಂದ ಒದ್ದಾಡಿದ್ದು. ಕೇಳಿತು. ಅದು ಕಳ್ಳನಿಗಷ್ಟೇ ಹಾಕಿದ ಚಿಲಕವಾಗಿರಲಿಲ್ಲ.

ಮೆಟ್ಟಿಲು ಹತ್ತಿದೆ. ಒಳಗೆ ಅವಳು ಫೋನಿನಲ್ಲಿ ಮಾತಾಡುತ್ತಿದ್ದಳು. ಹನಮಂತನ ಜೊತೆಯೇ ಇರಬೇಕು. ಮಾತು ಕೇಳಿಸುತ್ತಿರಲಿಲ್ಲ, ಅಳುತ್ತಿದ್ದಾಳೆಂದು ಮಾತ್ರ ತಿಳಿಯುತ್ತಿತ್ತು. ಬಾಗಿಲು ತಟ್ಟಲು ಕೈ ಎತ್ತಿದೆ, ತಟ್ಟಲಿಲ್ಲ. ಮೇಲಿನ ಮೆಟ್ಟಿಲಿನಲ್ಲಿ, ಅವಳ ಹೊಸಿಲಿಗೆ ಬೆನ್ನು ಕೊಟ್ಟು ಕುಳಿತೆ.

ಕೆಳಗೆ ನಮ್ಮ ಬಾಗಿಲು, ಗ್ರಿಲ್ಲು ಎರಡೂ ತೆರೆದೇ ಇದ್ದವು. ದೀಪ ಉರಿಯುತ್ತಿತ್ತು, ಸೋಫಾ ಅಡ್ಡಡ್ಡ ನಿಂತಿತ್ತು. ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಬನ್ನಿ ಸೊಪ್ಪನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ಮಹೇಶನ ಆಟೋ ಬರುವವರೆಗೂ ನಾನು ಅಲ್ಲಿಂದ ಏಳಲಿಲ್ಲ.